ಮುಳ್ಳೂರಿನ ಡಬ್ಬಿಗಳು

ನನ್ನ ಹೆಂಡತಿ ಕೋಮಲ, ಸಂಗೀತದ ಬಗ್ಗೆ ಪಿಎಚ್.ಡಿ. ಮಾಡಿದ್ದಾಳೆ ಅಂದರೆ ಜನ ಮೊದಲು ಕೇಳುವುದು, "ಹಾಗಾದ್ರೆ ಒಂದು ಹಾಡು ಹೇಳ್ಸಿ" ಅಂತ. ಅವಳಿಗೆ ಹಾಡಲು ಬರುವುದಿಲ್ಲ. ಒಂದು ಸಲ ನಾಮಕರಣದ ಮನೆಯಲ್ಲಿ ಬಲವಂತ ಮಾಡಿದರು ಅಂತ ಜೋಗುಳ ಶುರುಮಾಡಿದಳು, ತೊಟ್ಟಿಲಲ್ಲಿ ಮಲಗಿದ್ದ ಮಗು ಎದ್ದು ಅಳತೊಡಗಿತು. ಅವಳು ಕೊಳ್ಳೇಗಾಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ನಾನು ಬಸ್ ಕಂಡಕ್ಟರ್, ಹೆಸರು ಬಿಳಿಗಿರಿ, ಊರು ಯಳಂದೂರು ಕಡೆಯ ಮಾಂಬಳ್ಳಿ. ನಮ್ಮಿಬ್ಬರಲ್ಲಿ ವಾದ್ಯ ಅಂತ ಏನಾದರೂ ನುಡಿಸುವವನಿದ್ದರೆ ಅದು ನಾನೇ. ಡ್ಯೂಟಿ ಹತ್ತಿದರೆ ಇಳಿಯುವವರೆಗೂ ನನ್ನ ಬಾಯಲ್ಲಿ ಸೀಟಿ.

ಅವಳ ವಿಷಯದ ಹೆಸರು ಯೂಬಿಕ್ವಿಟಸ್ ಮ್ಯೂಸಿಕ್. ಕನ್ನಡದಲ್ಲಿ ಸರ್ವವ್ಯಾಪಿ ಸಂಗೀತ ಅನ್ನಬಹುದಂತೆ, ಅದೂ ಬಾಯಿ ತುಂಬ ಬರುವ ಹೆಸರೇ. ಬ್ರೆಜಿಲ್ ದೇಶದಲ್ಲಿ ಒಂದಷ್ಟು ಮೇಷ್ಟ್ರುಗಳು ಸೇರಿ ಶುರುಮಾಡಿದ ಓದು, ಇನ್ನೂ ಇಪ್ಪತ್ತು ವರ್ಷ ತುಂಬದ ಎಳೆ ಶಾಸ್ತ್ರ ಅಂತ ಅವಳು ಹೇಳುತ್ತಾಳೆ. ಸಂಗೀತ ಅಂದರೆ ಸಭೆ, ಮೈಕು, ಶಾಲು ಹೊದ್ದ ವಿದ್ವಾಂಸರು ಮಾತ್ರವಾ? ಸಂಗೀತ ಕಲಿಯದ ಜನ, ಅಡುಗೆಮನೆಯಲ್ಲೋ ಹೊಲದಲ್ಲೋ ಕೈಯಲ್ಲಿರುವ ಕೆಲಸ ಬಿಡದೆ, ಮೊಬೈಲಿನಂಥ ಸಣ್ಣಪುಟ್ಟ ಯಂತ್ರ ಬಳಸಿಕೊಂಡು ತಾವೇ ಸಂಗೀತ ಮಾಡಬಹುದಾ? ಮಾಡಿದರೆ, ಹೇಳಿಕೊಟ್ಟವರು ಎದ್ದುಹೋದ ಮೇಲೂ ಅದು ಅವರ ದಿನದ ಬದುಕಿನಲ್ಲಿ ಉಳಿಯುತ್ತದಾ? ಇದೇ ಆ ಶಾಸ್ತ್ರದ ಪ್ರಶ್ನೆ.

ಕೊನೆಯ ಪ್ರಶ್ನೆಯೇ ನಮ್ಮ ಮನೆಯ ನೆಮ್ಮದಿ ತಿಂದಿದ್ದು. ಮೊದಲನೇ ಸಲ ಅವಳು ಮೊಬೈಲಿಗೆ ಒಂದು ಆ್ಯಪ್ ಮಾಡಿ ನಮ್ಮ ಮಾಂಬಳ್ಳಿಯ ಹೆಂಗಸರಿಗೆ ಕೊಟ್ಟಳು. ಅವಳು ಎದುರಿಗಿರುವಷ್ಟು ಹೊತ್ತು ಎಲ್ಲರೂ ಅಲ್ಲಾಡಿಸಿ ಕುಟ್ಟಿ ಸದ್ದು ಮಾಡಿ ನಕ್ಕರು. ಅವಳು ಬಸ್ಸು ಹತ್ತಿದ್ದೇ ತಡ, ಸುಮ್ಮನಾದರು. ಅವಳ ಗೈಡು ಮೈಸೂರಿನ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು, "ಅವರು ಸಂಗೀತ ಮಾಡ್ಲಿಲ್ಲಮ್ಮ, ನಿನಗೆ ಮರ್ಯಾದೆ ಕೊಟ್ರು" ಅಂದುಬಿಟ್ಟರು. ಎರಡನೇ ಪ್ರಯತ್ನವೇ ಕೊನೆಯದು. ಪಿಎಚ್.ಡಿ. ಇಲ್ಲದ ಅತಿಥಿ ಉಪನ್ಯಾಸಕರನ್ನು ಕಾಲೇಜಿನವರು ಮುಂದಿನ ವರ್ಷ ತೆಗೆದುಕೊಳ್ಳುವುದಿಲ್ಲ ಅಂತ ಆಗಲೇ ಹೇಳಿದ್ದರು. ಇದು ಕೈಕೊಟ್ಟರೆ ಓದೂ ಹೋಯಿತು, ಕೆಲಸವೂ ಹೋಯಿತು.

ಎರಡನೇ ಸಲಕ್ಕೆ ಅವಳು ಆರಿಸಿಕೊಂಡಿದ್ದು ಮುಳ್ಳೂರು. ಅಲ್ಲಿ ನನ್ನ ದೊಡ್ಡವ್ವ ರಾಮಮ್ಮ ಇದ್ದಾಳೆ. ಅವಳ ಬೀದಿಯಲ್ಲಿ ಮನೆಮನೆಗೂ ರೇಷ್ಮೆ ಹುಳು ಸಾಕುತ್ತಾರೆ. ಕೋಮಲ ಅಂಗೈಯಗಲದ ಡಬ್ಬಿಗಳನ್ನು ಮಾಡಿಸಿದಳು, ಒಳಗೊಂದು ಸಿಮ್ಮು, ಸಣ್ಣ ಸ್ಪೀಕರು. ಹುಳದ ಮನೆಯ ಸ್ಟ್ಯಾಂಡಿಗೆ ಅದನ್ನು ಕಟ್ಟಿದರೆ ಆಯಿತು. ಹುಳುವಿಗೆ ಹಿಪ್ಪುನೇರಳೆ ಕಡ್ಡಿ ಹಾಕಿದಾಗ ಸ್ಟ್ಯಾಂಡು ಅಲ್ಲಾಡುತ್ತದಲ್ಲ, ಆಗ ಡಬ್ಬಿ ಒಂದು ಸದ್ದು ಮಾಡುತ್ತದೆ. ಮೆಲ್ಲಗೆ ಹಾಕಿದರೆ ಮೆಲ್ಲಗೆ, ಬಿರಬಿರನೆ ಹಾಕಿದರೆ ಬಿರಬಿರನೆ. ಒಂದು ಮನೆಯ ಸದ್ದು ಉಳಿದ ಮನೆಗಳ ಡಬ್ಬಿಯಲ್ಲೂ ಕೇಳಿಸುತ್ತದೆ. ಯಾರ ಮನೆಗೆ ಯಾವ ಸದ್ದು ಅನ್ನುವುದನ್ನು ಅವರೇ ಆರಿಸಿಕೊಂಡರು. ದೊಡ್ಡವ್ವ ಹಿತ್ತಾಳೆ ಬಿಂದಿಗೆ ತಟ್ಟಿದ ಸದ್ದು ಬೇಕು ಅಂದಳು. ಪಕ್ಕದ ಮನೆ ಪುಷ್ಪಳದು ಹಸುವಿನ ಕೊರಳ ಗಂಟೆ. ಎದುರುಮನೆ ಮಹಾಲಕ್ಷ್ಮಮ್ಮನದು ಮೊರಕ್ಕೆ ರಾಗಿ ಸುರಿದ ಸದ್ದು. ಹೀಗೆ ಏಳು ಮನೆ.

ಎಂಟನೆಯ ಡಬ್ಬಿ ಕೊಳ್ಳೇಗಾಲದ ನಮ್ಮ ಮನೆಯ ಅಡುಗೆಮನೆಯಲ್ಲಿ ಇತ್ತು. ಮುಳ್ಳೂರಿನ ಸದ್ದು ನಾವೂ ಕೇಳಲಿ ಅಂತ. ಡಬ್ಬಿ ಹಂಚಿದ ದಿನ ಕೋಮಲ ಅವರಿಗೆ ತನ್ನ ಸದ್ದನ್ನೂ ಕೇಳಿಸಿದ್ದಳು, ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಟಿಣ್ ಅಂತ. "ಇದು ನಂದು" ಅಂದಿದ್ದಳು. ಆಮೇಲೆ ಅದನ್ನು ನುಡಿಸಲಿಲ್ಲ. ಯಾಕಂದರೆ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು: ಈ ಸಲ ಅವರ ಊರಿಗೆ ಹೋಗಬೇಡ, ಫೋನ್ ಮಾಡಬೇಡ, ಡಬ್ಬಿ ಬಗ್ಗೆ ಕೇಳಬೇಡ, ನೀನೂ ಸದ್ದು ಮಾಡಬೇಡ. ನೀನು ಕೈ ಇಟ್ಟರೆ ಅದು ಅವರದಲ್ಲ, ನಿನ್ನದಾಗುತ್ತೆ.

ಮೊದಮೊದಲು ನನಗೆ ಇದೆಲ್ಲ ಹುಡುಗಾಟ ಅನ್ನಿಸಿತ್ತು. ಆದರೆ ಸುಳ್ಳು ಯಾಕೆ ಹೇಳಲಿ, ಕೇಳುತ್ತ ಕೇಳುತ್ತ ನನಗೇ ಚಟ ಹತ್ತಿತು. ಬೆಳಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಬಿಂದಿಗೆ ಸದ್ದು. ಅದರ ಹಿಂದೆಯೇ ಗಂಟೆ. ಆಮೇಲೆ ರಾಗಿ ಸುರ್ ಅಂತ. ಕೆಲವು ದಿನ ಕಳೆಯುವಷ್ಟರಲ್ಲಿ ಅವರು ಒಬ್ಬರಿಗೊಬ್ಬರು ಕಾಯತೊಡಗಿದ್ದು ನನಗೂ ಗೊತ್ತಾಯಿತು. ದೊಡ್ಡವ್ವ ಎರಡು ಸಲ ಕಡ್ಡಿ ಹಾಕಿ ನಿಲ್ಲಿಸುತ್ತಾಳೆ, ಪುಷ್ಪ ಮೂರು ಹಾಕುತ್ತಾಳೆ, ಮಹಾಲಕ್ಷ್ಮಮ್ಮ ಕೊನೆಗೆ ಬಂದು ಎಲ್ಲಾ ಮುಚ್ಚಿಹಾಕುತ್ತಾಳೆ. ಯಾರೂ ಹೇಳಿಕೊಟ್ಟಿದ್ದಲ್ಲ. ಕೋಮಲ ಸಾರು ಕದಡುವುದು ಬಿಟ್ಟು ಸೌಟು ಹಿಡಿದು ನಿಂತಿರುತ್ತಿದ್ದಳು. ಆ ದಿನಗಳಲ್ಲಿ ಸಾರು ತಳ ಹಿಡಿದರೂ ನಾನು ರೇಗಲಿಲ್ಲ. ನಾನು ರೇಗಲಿಲ್ಲ ಅಂದರೆ ನಮ್ಮ ಡಿಪೋದಲ್ಲಿ ಯಾರೂ ನಂಬುವುದಿಲ್ಲ.

ನಡುವೆ ಒಂದು ದಿನ ಎಲ್ಲಾ ನಿಂತಿತ್ತು. ಟವರ್ ಇಲ್ಲವೇನೋ ಅಂದುಕೊಂಡೆವು, ಮಾರನೇ ದಿನ ಮತ್ತೆ ಶುರುವಾಯಿತು. ಮೈಸೂರಿನಲ್ಲಿ ಸಮಿತಿಯ ಮುಂದೆ ಹೋಗಬೇಕಾದ ವಾರ ಬಂತು. ಆ ಮಂಗಳವಾರ ಬೆಳಗ್ಗೆ ಬಿಂದಿಗೆ ಸದ್ದು ಬರಲಿಲ್ಲ. ಗಂಟೆಯೂ ಇಲ್ಲ, ರಾಗಿಯೂ ಇಲ್ಲ. ಲ್ಯಾಪ್‌ಟಾಪಿನಲ್ಲಿ ಒಂದೊಂದು ಡಬ್ಬಿಗೆ ಒಂದೊಂದು ಹಸಿರು ಚುಕ್ಕೆ ಇರುತ್ತಿತ್ತು. ಡಬ್ಬಿ ಆಫ್ ಆದರೆ ಅದು ಕೆಂಪಾಗುತ್ತದೆ. ಮುಳ್ಳೂರಿನ ಏಳೂ ಕೆಂಪಾಗಿದ್ದವು. ಇದು ಟವರಿನ ಕೆಲಸವಲ್ಲ, ಸ್ವಿಚ್ಚನ್ನೇ ಆರಿಸಿದ್ದಾರೆ ಅಂತ ಯಂತ್ರವೇ ಹೇಳುತ್ತಿತ್ತು. ನಡುವೆ ಒಂದು ದಿನ ನಿಂತಾಗ ನಾವು ಚುಕ್ಕೆಗಳನ್ನು ನೋಡಿರಲಿಲ್ಲ.

ಸಂಜೆಗೆ ಮೇಷ್ಟ್ರ ಫೋನು, ಅವರ ಕಂಪ್ಯೂಟರಿನಲ್ಲೂ ಆ ಚುಕ್ಕೆಗಳು ಕಾಣುತ್ತಿದ್ದವು. "ಏನಮ್ಮ ಇದು, ಎಲ್ಲಾ ಮನೆಯೋರೂ ಒಟ್ಟಿಗೇ ಬಿಟ್ಟುಬಿಟ್ರಲ್ಲ. ಶುಕ್ರವಾರ ಸಮಿತಿಯೋರಿಗೆ ಏನಂತ ಹೇಳ್ತೀಯ?"

ಕೋಮಲ "ಗೊತ್ತಿಲ್ಲ ಸರ್" ಅಂದಳು. ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು. "ಮಾಂಬಳ್ಳಿ ಥರಾನೇ ಆಯ್ತು ಕಣ್ರಿ. ಬೇಜಾರಾಗಿದೆ ಅವರಿಗೆ. ಇಷ್ಟು ದಿನ ನನ್ನ ಮುಖ ನೋಡಿ ಮಾಡಿದಾರೆ."

"ಒಂದು ಫೋನ್ ಮಾಡಿ ಕೇಳು."

"ಕೇಳಂಗಿಲ್ಲ."

"ನಾನು ಕೇಳ್ತೀನಿ."

"ನೀವೂ ಕೇಳಂಗಿಲ್ಲ. ಕೇಳಿದ್ರೆ ಅವರು ಆನ್ ಮಾಡ್ತಾರೆ, ಆವಾಗ ಅದು ಸುಳ್ಳು."

ಮಾರನೇ ದಿನ ನನಗೆ ಮಧ್ಯಾಹ್ನದ ಡ್ಯೂಟಿ. ಬೆಳಗ್ಗೆ ಅವಳು ಸಪ್ಪೆ ಮುಖ ಹಾಕಿಕೊಂಡು ಕಾಲೇಜಿಗೆ ಹೋದದ್ದನ್ನು ನೋಡಲಾಗಲಿಲ್ಲ. ಬೈಕು ಹತ್ತಿ ಮುಳ್ಳೂರಿಗೆ ಹೋದೆ. ದೊಡ್ಡವ್ವನ ಮನೆಗೆ ಹೋಗಲು ಯಾವ ಸಮಿತಿಯ ಅಪ್ಪಣೆ ಬೇಕು? ಡಬ್ಬಿಯ ವಿಷಯ ಎತ್ತಬಾರದು ಅಷ್ಟೆ. ಬಾಯಿಗೆ ಬೀಗ ಹಾಕಿಕೊಂಡು ಹೋದೆ. ಮಾತಾಡದೆ ಇರುವುದು ನನ್ನಂಥವನಿಗೆ ಎಂಥ ಶಿಕ್ಷೆ ಅಂತ ನನ್ನ ಬಸ್ಸಿನಲ್ಲಿ ಓಡಾಡುವವರನ್ನು ಕೇಳಿ.

ದೊಡ್ಡವ್ವ ಜಗಲಿಯ ಮೇಲೇ ತಡೆದಳು. "ಮೆತ್ಗೆ ಬಾರ್ಲಾ ಗಿರಿ. ಗಾಡಿ ಅಲ್ಲೇ ಆಪ್ ಮಾಡ್ಬುಟ್ಟು ತಳ್ಕಂಡು ಬಂದಿದ್ರೆ ಏನಾಗದು? ಉಳ ಜ್ವರಕ್ಕೆ ಕೂತವೆ."

ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಅಂತಾರೆ, ಅದು ನನಗೂ ಗೊತ್ತು. ಆ ಹೊತ್ತಲ್ಲಿ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಹಾಗೇ ಕಲ್ಲಾಗಿ ಕೂತಿರುತ್ತವೆ. ಮೇಲೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಮುಂದಕ್ಕೆ ಹಾಕಿಬಿಡುತ್ತಾರೆ. ಸುಣ್ಣ ಬೇಕಾಗಿ ಪುಷ್ಪ ಬಂದಳು, ಪಿಸುಮಾತಿನಲ್ಲಿ ಕೇಳಿ ಪಿಸುಮಾತಿನಲ್ಲೇ ಹೋದಳು. ದೊಡ್ಡಪ್ಪ ದೊಡ್ಡಸಿದ್ದಯ್ಯ ಕೆಮ್ಮು ಬಂದರೆ ಎದ್ದು ಬೀದಿಗೆ ಹೋಗಿ ಕೆಮ್ಮಿ ಬರುತ್ತಿದ್ದ. ನನ್ನ ಕಣ್ಣು ಮಾತ್ರ ಡಬ್ಬಿ ಹುಡುಕುತ್ತಿತ್ತು. ಕಾಣಿಸಿತು. ಗೋಡೆಯ ಗೂಡಿನಲ್ಲಿ, ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ದೇವರ ಪಟದ ಹಿಂದೆ ಇಟ್ಟಿದ್ದಳು.

ನನಗೆ ಉರಿದುಹೋಯಿತು. ಅಲ್ಲ, ಒಬ್ಬಳು ವರ್ಷಗಟ್ಟಲೆ ಕಣ್ಣು ಕೆಂಪು ಮಾಡಿಕೊಂಡು ಓದಿ ಮಾಡಿದ ವಸ್ತುವನ್ನು ಹೀಗೆ ಮೂಟೆ ಕಟ್ಟಿ ಮೂಲೆಗೆ ಹಾಕುವುದಾ? ಸ್ವಂತ ದೊಡ್ಡವ್ವ! ಬೇಡದಿದ್ದರೆ ಬೇಡ ಅನ್ನಬೇಕಿತ್ತು. ಅವಳು ಮುದ್ದೆ, ಸೊಪ್ಪಿನ ಸಾರು ತಂದಿಟ್ಟಳು. ತಿಂದೆ, ರುಚಿ ಗೊತ್ತಾಗಲಿಲ್ಲ. "ಕೋಮಲ ಚೆಂದಾಗವ್ಳಾ?" ಅಂತ ಮೆಲ್ಲಗೆ ಕೇಳಿದಳು. ಬಾಯಿ ತೆಗೆದರೆ ಏನು ಬಂದುಬಿಡುತ್ತದೋ ಅಂತ ಹೂಂ ಅಂದು ಕೈತೊಳೆದೆ. ಅವಳು ಇನ್ನೇನೋ ಕೇಳಲು ಬಂದವಳು ನನ್ನ ಮುಖ ನೋಡಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಹೇಳದೆ ಕೇಳದೆ ಬೈಕು ತಳ್ಳಿಕೊಂಡು ಬೀದಿ ದಾಟಿದೆ.

ಮಧ್ಯಾಹ್ನ ಹನೂರು ಬಸ್ಸಿನಲ್ಲಿ ಅವತ್ತು ಎಲ್ಲರ ಮೇಲೂ ಹಾರಾಡಿದೆ. ಚಿಲ್ಲರೆ ಇಲ್ಲ ಅಂದವನ ಮೇಲೆ, ಬಾಗಿಲಲ್ಲಿ ನಿಂತವನ ಮೇಲೆ. "ಯಾಕ್ ಸಾ, ಇವತ್ತು ಮನೇಲಿ ತಿಂಡಿ ಆಗ್ಲಿಲ್ವಾ?" ಅಂತ ಯಾರೋ ಹಿಂದಿನಿಂದ ಕೂಗಿದರು. ಕಾಮಗೆರೆ ಆಸ್ಪತ್ರೆ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹತ್ತಿದಳು, ಬಾಣಂತಿ, ಎದೆಗೆ ಒತ್ತಿಕೊಂಡ ಎಳೆಗೂಸು. ಜೊತೆಯಲ್ಲಿ ಅವಳ ತಾಯಿ. ಮುಂದಿನ ಸೀಟು ಬಿಡಿಸಿ ಕೂರಿಸಿದೆ. ಸೀಟಿ ಬಾಯಿಗೆ ಇಡುವಷ್ಟರಲ್ಲಿ ಆ ಅಜ್ಜಿ ಕೈ ಮುಗಿದಳು. "ಈಗ್ ನಿದ್ದೆ ಹತ್ತದೆ, ಸಾ."

ಹೊಸದೇನಲ್ಲ ನನಗೆ. ಸೀಟಿ ತೆಗೆದು ಜೇಬಿಗೆ ಹಾಕಿಕೊಂಡೆ, ಬಾಗಿಲ ಪಕ್ಕದ ತಗಡಿಗೆ ಅಂಗೈಯಿಂದ ಮೆತ್ತಗೆ ತಟ್ಟಿದೆ. ಡ್ರೈವರ್ ಶಿವನಂಜಯ್ಯ ಕನ್ನಡಿಯಲ್ಲಿ ನೋಡಿ ಅರ್ಥ ಮಾಡಿಕೊಂಡು ಹಾರನ್ ಒತ್ತದೆ ಗಾಡಿ ಎತ್ತಿದ. ಮಲಗಿರುವ ಕೂಸಿದ್ದರೆ ನಮ್ಮ ಬಸ್ಸಿನಲ್ಲಿ ಯಾವಾಗಲೂ ಹೀಗೇ. ಯಾರೂ ರೂಲ್ಸು ಮಾಡಿದ್ದಲ್ಲ.

ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಟಿಕೆಟ್ ಕೊಡುತ್ತಿದ್ದವನು ಅಲ್ಲೇ ನಿಂತೆ. ಜೇಬು ಮುಟ್ಟಿ ನೋಡಿಕೊಂಡೆ. ಈಗ ಮೈಸೂರಿನಿಂದ ಯಾರಾದರೂ ಬಂದು ನೋಡಿದರೆ ಏನಂದಾರು? ಈ ಕಂಡಕ್ಟರಿಗೆ ಸೀಟಿ ಊದಿ ಊದಿ ಬೇಜಾರಾಗಿದೆ, ಬಿಟ್ಟುಬಿಟ್ಟಿದ್ದಾನೆ ಅಂದಾರು. ಎಂಥ ದಡ್ಡ ನಾನು! ದೊಡ್ಡವ್ವ ಬೈಕು ಆಫ್ ಮಾಡು ಅಂದಳು, ದೊಡ್ಡಪ್ಪ ಕೆಮ್ಮಲು ಬೀದಿಗೆ ಹೋದ, ಎಲ್ಲಾ ನನ್ನ ಕಣ್ಣೆದುರಿಗೇ ನಡೆಯಿತು. ಬೀದಿಯವರೆಲ್ಲ ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಮರಿಹುಳು ತಂದವರು. ಒಂದು ಮನೆಯ ಹುಳು ಕೂತರೆ ಏಳು ಮನೆಯದೂ ಕೂರುತ್ತದೆ. ಕೂತ ಹುಳುವಿಗೆ ಸದ್ದಾಗದಿರಲಿ ಅಂತ ಏಳು ಮನೆಯವರೂ ಆರಿಸಿದ್ದಾರೆ. ಡಬ್ಬಿಯನ್ನು ಅವಳು ಮೂಲೆಗೆ ಹಾಕಿರಲಿಲ್ಲ, ಜೋಪಾನ ಮಾಡಿದ್ದಳು.

"ಸಾ, ಹನೂರಿಗೆ ಒಂದು ಕೊಡಿ ಅಂತ ಎಷ್ಟೊತ್ತಿಂದ ಕೇಳ್ತಾವ್ನಿ" ಅಂದ ಒಬ್ಬ. ಅವನಿಗೆ ಎಂಥ ನಗು ನಕ್ಕೆನೋ, ಪಾಪ, ಹೆದರಿಕೊಂಡ.

ಮನೆಗೆ ಬಂದು ಹೇಳಿದಾಗ ಕೋಮಲ ಮೊದಲು ಕೇಳಿದ್ದು, "ಡಬ್ಬಿ ಬಗ್ಗೆ ಏನಾದ್ರೂ ಮಾತಾಡಿದ್ರಾ?"

"ಮಾದಪ್ಪನಾಣೆ ಇಲ್ಲ."

ಅವಳು ಲ್ಯಾಪ್‌ಟಾಪು ತೆಗೆದಳು. ಹಿಂದೆ ಒಂದು ದಿನ ನಿಂತಿತ್ತಲ್ಲ, ಟವರ್ ಇಲ್ಲ ಅಂದುಕೊಂಡಿದ್ದು, ಆಗಲೂ ಏಳು ಚುಕ್ಕೆ ಕೆಂಪಾಗಿದ್ದವು. ಅದು ಹಿಂದಿನ ಜ್ವರ. ಅವಳ ಕಣ್ಣು ಸ್ವಲ್ಪ ಹೊಳೆಯಿತು, ಆದರೆ ಪೂರ್ತಿ ನಂಬಲಿಲ್ಲ. "ಜ್ವರದಿಂದ ಎದ್ದ ಮೇಲೂ ಆನ್ ಮಾಡ್ದೆ ಇದ್ರೆ? ಒಂದು ಸಲ ಸುತ್ತಿಟ್ಟಿದ್ದು ಹಂಗೇ ಮರೆತುಹೋಗೋದೂ ಇರುತ್ತೆ." ಅದೂ ನಿಜವೇ. ನಮ್ಮ ಮನೆಯಲ್ಲೇ ಮದುವೆಗೆ ಉಡುಗೊರೆ ಬಂದ ಮಿಕ್ಸಿ ಇನ್ನೂ ಡಬ್ಬ ಬಿಚ್ಚಿಲ್ಲ. ಈ ಸಲದ್ದು ಕೊನೆಯ ಜ್ವರ, ಎರಡು ದಿನದ್ದು, ಹುಳು ಏಳುವುದು ಗುರುವಾರ ಬೆಳಗ್ಗೆ. ಕೇಳುವ ಹಾಗಿಲ್ಲ, ಹೋಗುವ ಹಾಗಿಲ್ಲ, ಕಾಯಬೇಕು.

ಗುರುವಾರ ಏನಾಯಿತು ಅನ್ನುವ ಮೊದಲು ಶುಕ್ರವಾರದ್ದನ್ನು ಹೇಳಿ ಮುಗಿಸಿಬಿಡುತ್ತೇನೆ, ಕೇಳುವವರಿಗೆ ಹೊಟ್ಟೆಯಲ್ಲಿ ಸಂಕಟ ಬೇಡ. ಸಮಿತಿಯವರು ಒಪ್ಪಿದರು. ಆ ನಿಶ್ಶಬ್ದದ ಜಾಗವನ್ನೇ ತೋರಿಸಿ ಕೋಮಲ ಮಾತಾಡಿದಳಂತೆ: ಎಲ್ಲಿ ಸುಮ್ಮನಿರಬೇಕು ಅನ್ನುವುದನ್ನು ಯಾರೂ ಹೇಳದೆ ಅವರೇ ಸೇರಿಸಿಕೊಂಡಿದ್ದಾರೆ, ಹಾಗಾಗಿ ಇದು ಈಗ ನನ್ನದಲ್ಲ, ಅವರದು. ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು ಹೊರಗೆ ಬಂದು ನನ್ನ ಕೈ ಹಿಡಿದು ಕುಲುಕಿದರು. ಪ್ರಬಂಧ ಬರೆದಾಯಿತು, ಪದವಿಯೂ ಬಂತು, ಕಾಲೇಜಿನವರು ಅವಳನ್ನು ಉಳಿಸಿಕೊಂಡರು. ಇದೆಲ್ಲ ದೊಡ್ಡ ವಿಷಯವೇ. ಆದರೂ ನನ್ನ ಮನಸ್ಸಿನಲ್ಲಿ ಉಳಿದಿರುವುದು ಗುರುವಾರ.

ಅವತ್ತು ಬೆಳಗ್ಗೆ ಕೋಮಲ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿ ಸಾಸಿವೆ ಸಿಡಿಯುವುದನ್ನೂ ನೋಡದೆ ಲ್ಯಾಪ್‌ಟಾಪಿನ ಮುಂದೆ ನಿಂತಿದ್ದಳು. ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ಅವಳ ಹಿಂದೆ ನಿಂತಿದ್ದೆ. ಏಳು ಕೆಂಪು ಚುಕ್ಕೆ. ಹಾಲಿನವನು ಬಂದ, ಹೋದ. ಪಕ್ಕದ ಮನೆಯ ಕುಕ್ಕರು ಕೂಗಿತು, ಅವಳು ಬೆಚ್ಚಿಬಿದ್ದಳು. ಸೋಪು ಒಣಗಿ ಕೆನ್ನೆ ಬಿಗಿಯತೊಡಗಿತು. ಆಗಲ್ಲ ಬಿಡಿ ಅನ್ನುವ ಹಾಗೆ ಅವಳು ತಿರುಗಿದಳು, ಅಷ್ಟರಲ್ಲಿ ಒಂದು ಚುಕ್ಕೆ ಹಸಿರಾಯಿತು.

ಡಬ್ಬಿಯಿಂದ ಬಿಂದಿಗೆಯ ಸದ್ದು. ಒಂದು. ಇನ್ನೊಂದು. ನಿಂತಿತು.

ಪುಷ್ಪಳಿಗೆ ಕಾಯುತ್ತಿದ್ದಾಳೆ ಅಂತ ನನಗೆ ಗೊತ್ತು. ಕಾಯುತ್ತಿದ್ದಾಳೆ, ಅವಳು ಹಾಕಬೇಕು, ಹಾಕೇ ತಾಯಿ ಅಂತ ನಾನು ಬಾಯಿಬಿಟ್ಟೇ ಅಂದೆ. ಗಂಟೆ ಕೇಳಿಸಿತು, ಮೂರು ಸಲ. ರಾಗಿ ಸುರಿಯಿತು. ಆಮೇಲೆ ಎಲ್ಲಾ ಒಟ್ಟಿಗೆ ಬಂದವು, ಎರಡು ದಿನದ ಹಸಿವಿನಿಂದ ಎದ್ದ ಹುಳುಗಳಿಗೆ ಏಳು ಮನೆಯವರೂ ಕಡ್ಡಿ ಹಾಕುವುದೇ ಹಾಕುವುದು. ನಮ್ಮ ಅಡುಗೆಮನೆ ತುಂಬಿಹೋಯಿತು. ಒಗ್ಗರಣೆ ಸೀದು ಹೊಗೆ ಎದ್ದಿತು. ಕೋಮಲ ಒಲೆ ಆರಿಸಿ ನನ್ನ ಸೋಪಿನ ಕೆನ್ನೆಗೆ ಮುಖ ಒತ್ತಿ ಅತ್ತಳು. ನನಗೂ ಅಳು ಬಂತು, ಬರಲಿ ಅಂತ ಬಿಟ್ಟೆ. ಎದೆಯ ಮೇಲಿನ ಕಲ್ಲು ಇಳಿಯಿತು ಅಂತಾರಲ್ಲ, ಅದು ಇಳಿದದ್ದು ನನಗೆ ಸರಿಯಾಗಿ ಗೊತ್ತಾಯಿತು.

ಸದ್ದು ನಿಂತ ಸ್ವಲ್ಪ ಹೊತ್ತಿಗೆ ನನ್ನ ಮೊಬೈಲು ಕೂಗಿತು. ದೊಡ್ಡವ್ವ. ಸ್ಪೀಕರಿಗೆ ಹಾಕಿದೆ.

"ಲೇ ಗಿರಿ, ನಿಜ ಏಳು. ಕೋಮಲುಂಗೆ ಏನಾಗೈತೆ?"

"ಯಾಕ್ ದೊಡ್ಡವ್ವ? ಏನೂ ಆಗಿಲ್ವಲ್ಲ."

"ಸುಳ್ಳು ಏಳ್ಬ್ಯಾಡ ಕಣ್ಲಾ. ನಮ್ಮೋವು ಉಳ ಕೂತಿತ್ತು ಅಂತ ಎಲ್ಡು ದಿನ ಸುಮ್ಕಿದ್ದೋ. ಅವ್ಳ್ದು ಡಬ್ಬಿ ಕೊಟ್ಟ ದಿವ್ಸದಿಂದ್ಲೂ ಸದ್ದೇ ಇಲ್ಲ. ಇವತ್ತು ಬಂದಾತು, ನಾಳೆ ಬಂದಾತು ಅಂತ ಎಲ್ರೂ ಕಿವಿ ಮಡಿಕ್ಕಂಡೇ ಅವ್ರೆ. ಆ ಟಿಣ್ ಅನ್ನೋದು ಬರ್ನೇ ಇಲ್ಲ. ನೆನ್ನೆ ನೀ ಬಂದಾಗ ಕೇಳಾನ ಅಂದ್ರೆ, ಅಷ್ಟು ಮಾತಾಡೋನು ಒಂದ್ ಮಾತೂ ಆಡ್ದೆ ಮಕ ಊದುಸ್ಕಂಡು ಓದೆ. ಆಸ್ಪತ್ರೆಗೆ ಸೇರ್ಸವ್ನೆ, ನಮ್ಗೆ ಏಳ್ತಾ ಇಲ್ಲ ಅಂದ್ಕಂಡ್ವಿ. ಪುಷ್ಪ ಮಾದಪ್ಪಂಗೆ ಅರಕೆ ಕಟ್ಕಂಡವ್ಳೆ."

ಫೋನಿನ ಆ ಕಡೆ ಇನ್ನೂ ಯಾರ್ಯಾರೋ ಪಿಸುಗುಟ್ಟುತ್ತ ನಿಂತಿದ್ದು ಕೇಳಿಸುತ್ತಿತ್ತು. ನಾವು ಎರಡು ದಿನ ಅವರ ಸದ್ದಿಗೆ ಒದ್ದಾಡಿದ್ದೆವು. ಅವರು ಅಷ್ಟೂ ದಿನ ಅವಳ ಸದ್ದಿಗೆ ಕಾದಿದ್ದರು.

ಕೋಮಲ ಕಣ್ಣೊರೆಸಿಕೊಂಡಳು. ಡಬ್ಬಿ ಇಟ್ಟಿದ್ದ ಕಿಟಕಿಯ ಹತ್ತಿರ ಹೋದಳು.

"ಮೇಷ್ಟ್ರು ಬೇಡ ಅಂದಿದ್ರಲ್ಲ?" ಅಂದೆ ನಾನು.

"ಸಮಿತಿಯವರು ಕೇಳಿದ್ರೆ ಹೇಳ್ತೀನಿ ಬಿಡಿ, ನನ್ನನ್ನ ಕರೆದ್ರು, ಓಗೊಟ್ಟೆ ಅಂತ" ಅಂದವಳು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮೆಲ್ಲಗೆ ಒಂದು ಸಲ ಅಲ್ಲಾಡಿಸಿದಳು.

ಟಿಣ್. ನಮ್ಮ ಅಡುಗೆಮನೆಯಲ್ಲೊಂದು, ಮರುಗಳಿಗೆಗೆ ಫೋನಿನೊಳಗೆ ಮುಳ್ಳೂರಿನಲ್ಲೊಂದು. ಅಲ್ಲಿ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

"ಸದ್ಯ" ಅಂದಳು ದೊಡ್ಡವ್ವ. "ಚೆಂದಾಗವ್ಳೆ ಕಣ್ರೇ, ಓಗಿ ಇನ್ನು ಸೊಪ್ಪು ತನ್ನಿ."